ಕೂದಲು ಬಂತೆಂದು ಸಂತೋಷಪಟ್ಟವರು

ಎಂಬತ್ತರ ದಶಕದ ಮೊದಲ ವರ್ಷಗಳು. ಲಕ್ಷ್ಮೇಶ್ವರದ ನಮ್ಮ ಮನೆಯಲ್ಲಿ ಅವ್ವನಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾದಾಗ ಓಣಿಯವರು ಮೊದಲು ಕೇಳಿದ್ದು, ಆಕೆ ಕದ್ದು ಬೀಡಿ ಸೇದುತ್ತಿದ್ದಳೇ ಎಂದು. ಮದುವೆಯಾದಾಗಿನಿಂದ ಅವ್ವ ಗುಡಿಯ ನೈವೇದ್ಯ ಬೇಯಿಸಲು ಹಸಿ ಕಟ್ಟಿಗೆಯ ಒಲೆ ಊದಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ನಮ್ಮ ಮಂದಿಗೆ ಹೊಗೆಯೆಂದರೆ ಬೀಡಿಯದು ಮಾತ್ರ.

ಹುಬ್ಬಳ್ಳಿಯ ಡಾಕ್ಟರು ಅಪ್ಪನನ್ನೂ ಮಗಳಾದ ನನ್ನನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಇದು ಅಪರೂಪದ ಜಾತಿಯ ಗಡ್ಡೆ, ಬಿಟ್ಟರೆ ಕೆಲವೇ ತಿಂಗಳಲ್ಲಿ ಮೈಯೆಲ್ಲ ಹಬ್ಬುತ್ತದೆ. ಆದರೆ ಔಷಧಕ್ಕೆ ಬೇಗ ಬಗ್ಗುತ್ತದೆ, ಮೂರು ವಾರಕ್ಕೊಮ್ಮೆ ತಪ್ಪದೆ ಬರಬೇಕು. ಪೂರ್ತಿ ವಾಸಿಯಾಗುತ್ತದೆಂದು ಹೇಳಲಾರೆ, ಆಯುಷ್ಯವಂತೂ ಹೆಚ್ಚುತ್ತದೆ ಎಂದರು. ಅವತ್ತೇ ಕೆಂಪು ಬಣ್ಣದ ಔಷಧವನ್ನು ನರಕ್ಕೆ ಬಿಟ್ಟರು. ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಅವ್ವ ಊರು ಮುಟ್ಟುವವರೆಗೂ ವಾಂತಿ ಮಾಡಿದಳು. ಬಾಯಿತುಂಬ ಹುಣ್ಣೆದ್ದು ನೀರು ನುಂಗಲೂ ಅಳುತ್ತಿದ್ದಳು. ಆದರೂ ಎರಡನೆಯ ಸರತಿ ಮುಗಿಯುವಷ್ಟರಲ್ಲಿ ರೋಗದಿಂದ ಊದಿದ್ದ ಮುಖ ಇಳಿಯಿತು, ಕೆಮ್ಮು ನಿಂತಿತು. ಒಂದು ದಿನ ತಾನೇ ಎದ್ದು ರೊಟ್ಟಿ ಬಡಿದಳು.

ಅಷ್ಟರಲ್ಲಿ ಕೂದಲು ಉದುರಿತು. ಸೊಂಟ ಮುಟ್ಟುತ್ತಿದ್ದ ಹೆರಳು ಒಂದೇ ವಾರದಲ್ಲಿ ಬಾಚಣಿಕೆಯ ಪಾಲಾಯಿತು.

ನಮ್ಮ ಮನೆಯಲ್ಲಿ ಬೋಳುತಲೆಯ ಹೆಂಗಸು ಮೊದಲೇ ಒಬ್ಬಳಿದ್ದಳು, ಅಪ್ಪನ ತಾಯಿ. ಹರೆಯದಲ್ಲೇ ಗಂಡ ಸತ್ತಾಗ ಆಕೆಯ ತಲೆ ಬೋಳಿಸಿ, ಕೆಂಪು ಸೀರೆ ಹೊದಿಸಿ, ಮಡಿಗೆ ಕೂರಿಸಿದ್ದರು. ನಮ್ಮಂಥ ಮನೆಗಳಲ್ಲಿ ಹೆಂಗಸಿನ ಬೋಳುತಲೆಗೆ ಅರ್ಥ ಒಂದೇ. ಅಪ್ಪ ಗಟ್ಟಿಮುಟ್ಟಾಗಿ ದಿನಾ ಬಸ್ಸು ಹತ್ತಿ ಶಿರಹಟ್ಟಿಯ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದ. ಅಜ್ಜಿಗೆ ಮಾತ್ರ ಸೊಸೆಯ ತಲೆ ಕಂಡಾಗಲೆಲ್ಲ ಮಗನಿಗೆ ಕೇಡು ಬಂತೆಂಬ ಸಿಡುಕು. ತಾನು ಪಟ್ಟ ಪಾಡು ಆಕೆಗೆ ಕರುಣೆ ಕಲಿಸಿರಲಿಲ್ಲ.

ಶ್ರಾವಣದ ಒಂದು ಶುಕ್ರವಾರ ನಮ್ಮ ಓಣಿಗೆ ಮುಂಡರಗಿಯಿಂದ ಹೊಸದಾಗಿ ಸೊಸೆಯಾಗಿ ಬಂದವಳೊಬ್ಬಳು ಅರಿಶಿನ-ಕುಂಕುಮ ಹಿಡಿದು ಬಂದಳು. ಅವ್ವ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು, ಸೆರಗು ತಲೆಯಿಂದ ಜಾರಿತ್ತು. ಹುಡುಗಿ ಆ ತಲೆ ನೋಡಿ ಕುಂಕುಮದ ಬಟ್ಟಲನ್ನು ಸೆರಗಿನಲ್ಲಿ ಮರೆಮಾಡಿದಳು.

"ಅಜ್ಜಿ, ಮನ್ಯಾಗ ಮುತ್ತೈದೇರು ಯಾರೂ ಇಲ್ಲೇನ್ರಿ?" ಎಂದು ಅವ್ವನನ್ನೇ ಕೇಳಿದಳು.

ನಾನು ಅಡುಗೆಮನೆಯಿಂದ ಓಡಿ ಬಂದು, ಆಕೆ ನನ್ನ ತಾಯಿ, ಮುತ್ತೈದೆ ಎಂದೆ. ಹುಡುಗಿ ನಾಲಿಗೆ ಕಚ್ಚಿಕೊಂಡು ಕುಂಕುಮ ಹಚ್ಚಿದಳು. ಅವ್ವ ಕಣ್ಣು ಮುಚ್ಚಿಯೇ ಹಣೆ ಕೊಟ್ಟಳು.

ಮೂರನೆಯ ಸರತಿಯ ದಿನ ಅಪ್ಪ ಚೀಲ ಹಿಡಿದು ಬಾಗಿಲಲ್ಲಿ ನಿಂತರೆ ಅವ್ವ ಹಾಸಿಗೆ ಬಿಟ್ಟು ಏಳಲಿಲ್ಲ.

"ನಾ ಒಲ್ಲೆ. ಸತ್ರ ಮುತ್ತೈದಿಯಾಗೇ ಸಾಯ್ತೀನಿ."

ಈಗ ಬುದ್ಧಿ ಬಂತೆಂದು ಅಜ್ಜಿ ಒಳಗಿನಿಂದಲೇ ಅಂದಳು. ಅಪ್ಪ ಚೀಲವನ್ನು ಗೂಟಕ್ಕೆ ಹಾಕಿದ. ನಾನು ಅವ್ವನ ಕಾಲು ಹಿಡಿದೆ, ಅಪ್ಪನಿಗೆ ಬೈದೆ, ಕೂಗಾಡಿದೆ. ನನಗೆ ಬಾಯಿ ಜಾಸ್ತಿಯಾಯಿತು, ಜಲ್ದಿ ಗಂಡು ನೋಡಬೇಕು ಎಂದು ಅಪ್ಪ, ಅಜ್ಜಿ ಇಬ್ಬರೂ ಅಂದರು. ಅವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಕೂದಲು ಬರತೊಡಗಿತು. ಮೊದಲು ಕರಿ ಎಳ್ಳು ಚೆಲ್ಲಿದ ಹಾಗೆ, ಆಮೇಲೆ ಬೆರಳಿಗೆ ಸಿಗುವಷ್ಟು. ಓಣಿಯ ಹೆಂಗಸರು ಬಂದು ಸವರಿ ನೋಡಿ ಸಂತೋಷಪಟ್ಟರು. ಅಜ್ಜಿ ಎಣ್ಣೆ ಕಾಯಿಸಿಟ್ಟಳು. ರೋಗ ಹೋಯಿತೆಂದು ಎಲ್ಲರ ನಂಬಿಕೆ. ಔಷಧ ಮೈಬಿಟ್ಟದ್ದಕ್ಕೆ ಕೂದಲು ಬಂದಿದೆ ಎಂದು ನಾನು ಅಂದರೆ, ಅಪಶಕುನ ನುಡಿಯಬೇಡ ಎಂದು ಗದರಿಸಿದರು.

ದೀಪಾವಳಿಯ ಹೊತ್ತಿಗೆ ಕೆಮ್ಮು ಮರಳಿತು. ಮುಖ ಮತ್ತೆ ಊದಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಕೂತೇ ತೂಕಡಿಸುತ್ತಿದ್ದಳು. ಒಂದು ಮುಂಜಾನೆ ಶಾಲೆಗೆ ಹೊರಟ ಅಪ್ಪನ ಅಂಗಿ ಹಿಡಿದುಕೊಂಡಳು.

"ಬೋಳ ಆದ್ರೂ ಆಗ್ಲಿರಿ. ಹುಬ್ಬಳ್ಳಿಗೆ ಕರ್ಕೊಂಡು ನಡೀರಿ. ನನಗ ಬದಕಬೇಕು."

ಡಾಕ್ಟರು ಎಕ್ಸ್-ರೇ ನೋಡುವ ಮೊದಲು ಅವ್ವನ ತಲೆ ನೋಡಿದರು. ಔಷಧ ಬಿಟ್ಟು ಬಹಳ ದಿನವಾಯಿತಲ್ಲ ಎಂದರು. ಗಡ್ಡೆ ಯಕೃತ್ತಿಗೂ ಮಿದುಳಿಗೂ ಹಬ್ಬಿತ್ತು. ಈಗ ಕೊಟ್ಟರೆ ಔಷಧವೇ ಕೊಲ್ಲುತ್ತದೆ ಎಂದು ಅವರು ನಮ್ಮನ್ನು ಮನೆಗೆ ಕಳಿಸಿದರು. ಬಸ್ಸಿನಲ್ಲಿ ಅವ್ವ, ಮುಂದಿನ ಸರತಿ ಯಾವಾಗ ಎಂದು ಎರಡು ಸಲ ಕೇಳಿದಳು.

ಆಕೆ ಸತ್ತಾಗ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಹಣೆತುಂಬ ಕುಂಕುಮ ಹಚ್ಚಿ ಸಿಂಗರಿಸಿದರು. ಹೆಂಗಸರು ಪುಣ್ಯವಂತಿ ಪುಣ್ಯವಂತಿ ಎನ್ನುತ್ತ ಕಾಲು ಮುಟ್ಟಿದರು. ಮಲ್ಲಿಗೆ ದಂಡೆ ಮುಡಿಸಿದರೆ ಆ ಗಿಡ್ಡ ಕೂದಲಲ್ಲಿ ನಿಲ್ಲಲಿಲ್ಲ. ಅಜ್ಜಿ ದೂರ ನಿಂತು, ದಾರ ಸುತ್ತಿ ತಲೆಗೆ ಬಿಗಿಯಿರಿ ಎಂದಳು. ಬಿಗಿದರು.