ಚಿತ್ರದ ಕೆಳಗಿನ ಹೆಸರು

ಅವರ ಬಲಗೈಯ ಬೆರಳ ತುದಿಗಳು ಸದಾ ಕೆಂಪಗಿರುತ್ತಿದ್ದವು. ಗೋರಂಟಿಯಲ್ಲ, ಈರುಳ್ಳಿ ಬೇರಿನ ಜೀವಕೋಶಗಳು ಸೂಕ್ಷ್ಮದರ್ಶಕದಲ್ಲಿ ಕಾಣಲೆಂದು ಹಾಕುವ ಬಣ್ಣ. ಹುಣಿಸೆಹಣ್ಣು ತಿಕ್ಕಿದರೂ ಹೋಗುತ್ತಿರಲಿಲ್ಲ.

ಅರವತ್ತರ ದಶಕದ ಮೊದಲಲ್ಲಿ ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ಅವರು ನಮ್ಮ ಪ್ರಯೋಗಶಾಲೆಯ ಡೆಮಾನ್‌ಸ್ಟ್ರೇಟರ್. ವಿಭಾಗದ ಅಧ್ಯಾಪಕರಲ್ಲೆಲ್ಲ ಒಬ್ಬರೇ ಹೆಂಗಸು. ಸ್ಟಾಫ್ ರೂಮಿಗೆ ಹೋಗದೆ, ಗಾಜಿನ ಬೀರುವಿನ ಹಿಂದೆ ಸ್ಟೂಲು ಹಾಕಿಕೊಂಡು ಮೊಸರನ್ನ ಉಣ್ಣುತ್ತಿದ್ದರು. ಕೃಷ್ಣಮೂರ್ತಿಪುರಂನ ಒಂದು ಕೋಣೆಯಲ್ಲಿ ಒಂಟಿ ವಾಸ. ಭಾನುವಾರ ಏನು ಮಾಡ್ತೀರಿ ಮೇಡಂ ಎಂದು ಒಮ್ಮೆ ಕೇಳಿದ್ದೆ.

"ಸೋಮವಾರಕ್ಕೆ ಕಾಯ್ತೀನಿ ಕಣಮ್ಮ" ಎಂದಿದ್ದರು.

ಸಿಲಬಸ್ಸಿನಲ್ಲಿ ಇಲ್ಲದ ಡಿಎನ್‌ಎಯನ್ನು ನನಗೆ ಹೇಳಿಕೊಟ್ಟವರು ಅವರೇ. ಎರಡು ತಂತಿಗಳನ್ನು ಹುರಿಯಂತೆ ಸುತ್ತಿ, ನಡುವೆ ನಾಲ್ಕು ಬಣ್ಣದ ಗುಂಡಿಗಳನ್ನು ಜೋಡಿಜೋಡಿಯಾಗಿ ಪೋಣಿಸಿದ್ದರು. "ಕೆಂಪಿಗೆ ಹಸಿರೇ ಆಗ್ಬೇಕು, ಹಳದಿಗೆ ನೀಲಿನೇ. ಒಂದು ಎಳೆ ಕಳೆದ್ಹೋದ್ರೂ ಇನ್ನೊಂದನ್ನ ನೋಡ್ಕೊಂಡು ಮತ್ತೆ ಕಟ್ಟಬಹುದು."

ಒಂದು ದಿನ ಲೈಬ್ರರಿಯಲ್ಲಿ ನಮ್ಮ ಪ್ರೊಫೆಸರರ ಲೇಖನವೊಂದು ಸಿಕ್ಕಿತು. ಅದರಲ್ಲಿದ್ದ ಮಿಡತೆಯ ಕ್ರೋಮೋಸೋಮುಗಳ ಚಿತ್ರಗಳೆಲ್ಲ ಮೇಡಂ ಬರೆದವು. ಬರೆಯುವುದನ್ನು ನಾನೇ ಕಂಡಿದ್ದೆ. ಅವರ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಓಡಿಹೋಗಿ ಮೇಡಂಗೆ ತೋರಿಸಿದೆ. ಅವರು ಪುಟ ತಿರುವಿ, "ಚೆನ್ನಾಗಿ ಅಚ್ಚಾಗಿದೆ" ಎಂದರಷ್ಟೆ.

ಆ ವರ್ಷವೇ, ಡಿಎನ್‌ಎಯ ರಚನೆ ಕಂಡುಹಿಡಿದದ್ದಕ್ಕೆ ಮೂವರು ಗಂಡಸರಿಗೆ ನೊಬೆಲ್ ಬಹುಮಾನ ಬಂತು. ಪತ್ರಿಕೆ ಹಿಡಿದುಕೊಂಡು ಸಂಭ್ರಮದಿಂದ ಹೋದೆ. ಮೇಡಂ ಹಳೆಯ ಜರ್ನಲ್ ಒಂದನ್ನು ತೆಗೆದು, ಅದರಲ್ಲಿದ್ದ ಎಕ್ಸ್‌ರೇ ಚಿತ್ರದ ಮೇಲೆ ಬೆರಳಿಟ್ಟರು. ಕಪ್ಪು ಗೆರೆಗಳು ಕತ್ತರಿಯಂತೆ ಅಡ್ಡಹಾಯ್ದಿದ್ದವು.

"ಡಿಎನ್‌ಎ ಸುರುಳಿ ಸುತ್ಕೊಂಡಿದೆ ಅಂತ ತೋರ್ಸಿದ್ದು ಈ ಫೋಟೋ. ತೆಗೆಸಿದೋರು ಒಬ್ಬ ಹೆಂಗಸು. ಬಹುಮಾನ ಬರೋ ಹೊತ್ತಿಗೆ ಅವರೇ ಇಲ್ಲ. ಸತ್ತೋರಿಗೆ ಕೊಡಲ್ವಂತೆ."

ಜರ್ನಲ್ ಮುಚ್ಚಿ ಕಿಟಕಿಯ ಕಡೆ ತಿರುಗಿದರು. "ನಾನಂತೂ ಬದುಕೇ ಇದ್ದೆ ಕಣೇ" ಎಂದರು.

ಆಮೇಲೆ ನನ್ನ ರೆಕಾರ್ಡ್ ಪುಸ್ತಕವನ್ನು ಎಳೆದುಕೊಂಡರು. "ಒಂದೊಂದು ಚಿತ್ರದ ಕೆಳಗೂ ನಿನ್ನ ಹೆಸರು ಬರಿ. ಈಗ್ಲೇ, ನನ್ನೆದುರಿಗೇ." ಕೊನೆಯ ಪುಟದವರೆಗೂ ಪಕ್ಕದಲ್ಲೇ ನಿಂತಿದ್ದರು.

ಮುಂದೆ ನಾನು ಸಂಶೋಧನೆಗೆಂದು ಪುಣೆಗೆ ಹೋದೆ. ನನ್ನ ಮೊದಲ ಲೇಖನದಲ್ಲಿ, ಅವರು ಬರೆದುಕೊಟ್ಟಿದ್ದ ಚಿತ್ರವೊಂದನ್ನು ಸೇರಿಸಿ, ಕೆಳಗೆ ಅವರ ಪೂರ್ತಿ ಹೆಸರನ್ನು ಅಚ್ಚು ಹಾಕಿಸಿದೆ. ಅಚ್ಚಾದ ಪ್ರತಿ ಕೈಗೆ ಬಂದಾಗಲೇ ಅವರಿಗೆ ತಿಳಿಯಲಿ ಎಂದು ಏಳು ತಿಂಗಳು ಕಾಗದವನ್ನೇ ಬರೆದಿರಲಿಲ್ಲ. ಲೇಖನವಿಟ್ಟು ಕಳಿಸಿದ ಲಕೋಟೆ ವಾಪಸು ಬಂತು. ಅಂಚೆಯವನು ಅದರ ಮೇಲೆ ಬರೆದಿದ್ದ: 'ವಿಳಾಸದಾರರು ತೀರಿಕೊಂಡಿದ್ದಾರೆ.'

ಆ ಲಕೋಟೆಯನ್ನು ನಾನು ಇವತ್ತಿನವರೆಗೂ ಒಡೆದಿಲ್ಲ.