ಮಾದೇವಣ್ಣ ಹಚ್ಚದೆ ಬಿಟ್ಟ ಪದರ

ಮಾದೇವಣ್ಣ ಕಾರನ್ನು ಕಣ್ಣು ಮುಚ್ಚಿಕೊಂಡು ನೋಡುತ್ತಿದ್ದ. ತೊಳೆದು ಒರೆಸಿದ ಮೇಲೆ ಕೈಗೆ ತೆಳುವಾದ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ಟಿನ ಮೇಲೆ ಬೆರಳಾಡಿಸುತ್ತಿದ್ದ. ಬರಿಗೈಗೆ ಸಿಗದ ತರಿಯೂ ಆಗ ಸಿಗುತ್ತದಂತೆ. "ಕಣ್ಣು ಒಳ್ಪು ನೋಡ್ಬುಟ್ಟು ಮೋಸ ಓಯ್ತದೆ ಸಾ," ಎನ್ನುತ್ತಿದ್ದ.

ಕಾರು ತೊಳೆದು ಪಾಲಿಶ್ ಹಾಕುವ ಅವನ ಶೆಡ್ಡು ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿತ್ತು. ಈಗ ಅಲ್ಲಿ ಗೊಬ್ಬರದ ಗೋಡೌನಿದೆ. ನರಸೀಪುರದಿಂದ ನಂಜನಗೂಡಿನ ಬ್ಯಾಂಕಿಗೆ ಓಡಾಡುತ್ತಿದ್ದ ನಾನು ನನ್ನ ಹಳೆಯ ಕಾರನ್ನು ಅವನಿಗೇ ಒಪ್ಪಿಸುತ್ತಿದ್ದೆ. ಮೊದಲು ಬಣ್ಣ ಕಾಯುವ ಸೀಲೆಂಟ್ ಹಚ್ಚಬೇಕು, ಅದು ಬಣ್ಣಕ್ಕೆ ಕಚ್ಚಿಕೊಳ್ಳಲು ಪೂರ್ತಿ ಒಂದು ದಿನ ಬಿಡಬೇಕು, ಆಮೇಲೆ ಹೊಳಪಿಗೆ ವ್ಯಾಕ್ಸ್. ಒಂದೇ ದಿನದಲ್ಲಿ ಮುಗಿಸಿಕೊಡು ಎಂದವರನ್ನು ರಸ್ತೆಯಿಂದಲೇ ವಾಪಸು ಕಳಿಸುತ್ತಿದ್ದ.

"ಬರೀ ವ್ಯಾಕ್ಸು ಆಕುದ್ರೆ ಬನೀನ್ ಇಲ್ದೆ ಶಾಲು ಒದ್ಕಂಡಂಗೆ ಸಾ. ಎರಡ್ ತಿಂಗ್ಳಿಗೆ ಓಯ್ತದೆ. ಸೀಲೆಂಟು ಆರ್ ತಿಂಗ್ಳು ಕಾಯ್ತದೆ."

ಹೀಗೇ ಅಂದನೇ? ನಾನು ಬರೆದಾಗ ಮಾತು ಸಾಲಾಗಿ ನಿಂತುಬಿಡುತ್ತದೆ. ಅವನ ಮಾತಿನಲ್ಲಿ ಕೆಮ್ಮು, ಬೀಡಿ, ಸುಮ್ಮನಿರುವುದು, ಇವೇ ಹೆಚ್ಚಾಗಿದ್ದವು.

ಸೀಲೆಂಟ್ ಕಚ್ಚುವ ದಿನ ಅವನು ಕಾರಿನ ಎದುರು ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ನಾನೂ ಬಸ್ಸು ಬಿಟ್ಟುಕೊಂಡು ಕೂತದ್ದುಂಟು.

"ಮನೇಲಿ ಕಾಯದಿಲ್ವಾ ಸಾ?"

"ಯಾರಿದಾರೆ ಕಾಯಕ್ಕೆ?"

"ಅಂಗಾರೆ ಕೂತ್ಕಳಿ."

ಅವನ ಹೆಂಡತಿ ತೀರಿಕೊಂಡಿದ್ದಳು. ಒಬ್ಬಳೇ ಮಗಳು ಶೋಭ, ಬನ್ನೂರಿನಲ್ಲಿ ಟೀಚರ್. ತಾಯಿಯ ತಿಥಿಗೆ ಬಂದವಳು ಮತ್ತೆ ಬಂದಿರಲಿಲ್ಲ. ಜಗಳವೇನೂ ಇಲ್ಲ, ಬಿಡುವಿಲ್ಲ ಅಷ್ಟೆ ಎಂದಿದ್ದ.

ಒಂದು ಭಾನುವಾರ ನಾನು ಅಲ್ಲಿದ್ದಾಗಲೇ ಶೋಭ ಬಂದಳು. ಹೊಸ ಕಾರಿಗೆ ನಂಜನಗೂಡಿನ ದೇವಸ್ಥಾನದಲ್ಲಿ ಪೂಜೆ ಮಾಡಿಸಿಕೊಂಡು ನೇರ ಅಪ್ಪನ ಹತ್ತಿರ. ಬಾನೆಟ್ಟಿನ ತುಂಬ ಅರಿಶಿನ ಕುಂಕುಮ. ಮಾದೇವಣ್ಣ ಅದನ್ನು ಮಗುವಿನ ಮುಖ ತೊಳೆಯುವಂತೆ ತೊಳೆದ.

"ರಾತ್ರಿ ಉಳ್ಕಂಡು ನಾಳಿಕ್ಕೆ ಓಗವ್ವ. ಸೀಲೆಂಟು ಕಚ್ಕಬೇಕು."

"ನಾಳೆ ಸ್ಕೂಲಿದೆ ಅಪ್ಪ. ನಾಲ್ಕಕ್ಕೆಲ್ಲ ಹೊರಡ್ಬೇಕು. ಏನೋ ಒಂದು ಹಚ್ಚಿಬಿಡು."

ಅವನು ಒಳಗೆ ಹೋದ. ನಾನೂ ಹಿಂದೆ ಹೋಗಿ, "ಸೀಲೆಂಟ್ ಒಂದನ್ನೇ ಹಚ್ಚಿ, ಅವರ ಮನೇಲೇ ಕಚ್ಕೊಳ್ಳುತ್ತೆ, ವ್ಯಾಕ್ಸ್ ಯಾವತ್ತಾದ್ರೂ ಆಗುತ್ತೆ," ಎಂದೆ. ಅವನ ಕೈ ಸೀಲೆಂಟ್ ಬಾಟಲಿಯ ಮೇಲೇ ಇತ್ತು. ಅದನ್ನು ಬಿಟ್ಟು ವ್ಯಾಕ್ಸಿನ ಡಬ್ಬಿ ತೆಗೆದುಕೊಂಡ.

"ಸೀಲೆಂಟು ಆಕುದ್ರೆ ಆರ್ ತಿಂಗ್ಳು ಈ ಕಡಿಕೆ ತಲೆ ಆಕಾಕಿಲ್ಲ ಸಾ," ಎಂದ. ನನ್ನ ಮುಖ ನೋಡಲಿಲ್ಲ.

ಅಷ್ಟು ನಿಧಾನವಾಗಿ ಅವನು ಕೆಲಸ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಕಾರು ಕನ್ನಡಿಯ ಹಾಗಾಯಿತು.

"ಎಷ್ಟು ದಿನ ಇರುತ್ತಪ್ಪ ಇದು?"

"ಎರಡ್ ತಿಂಗ್ಳು. ತಿರ್ಗ ಬಂದ್ಬುಡವ್ವ, ಆಕ್ಕೊಡ್ತೀನಿ."

ಅವಳು ನನ್ನ ಕಡೆ ತಿರುಗಿದಳು. "ಅಷ್ಟೇನಾ ಸರ್ ಬರೋದು?"

"ಅಷ್ಟೇ," ಎಂದೆ. ಸುಳ್ಳಾಗಿರಲಿಲ್ಲ. ಸೀಲೆಂಟಿನ ಮಾತು ಮಾತ್ರ ಎತ್ತಲಿಲ್ಲ.

ಎರಡು ತಿಂಗಳಾಯಿತು. ಮೂರಾಯಿತು. ಹೊಸ ವ್ಯಾಕ್ಸಿನ ಡಬ್ಬಿಯನ್ನೂ ಎರಡು ಮೆತ್ತನೆ ಬಟ್ಟೆಯನ್ನೂ ಕೈಚೀಲಕ್ಕೆ ಹಾಕಿಕೊಂಡು ಅವನೇ ಬನ್ನೂರಿನ ಬಸ್ಸು ಹತ್ತಿದ.

ಮರುದಿನ ಶೆಡ್ಡಿಗೆ ಹೋದೆ. ನಾನು ಅವನನ್ನು ನೋಡಿದ್ದು ಅದೇ ಕೊನೆ. ವಾರದೊಳಗೆ ವರ್ಗವಾಗಿ ಊರು ಬಿಟ್ಟೆ. ವರ್ಷವಾಗುವಷ್ಟರಲ್ಲಿ ಅವನು ತೀರಿಹೋದ ಎಂದು ಯಾರೋ ಫೋನಿನಲ್ಲಿ ಹೇಳಿದರು. ನಾನು ಶೆಡ್ಡಿಗೆ ಹೋದ ಅವತ್ತು ಡಬ್ಬಿ ಸೀಲು ಒಡೆಯದೆ ಬೆಂಚಿನ ಮೇಲಿತ್ತು.

"ಹಚ್ಚಲಿಲ್ವಾ ಮಾದೇವಣ್ಣ?"

"ಮೈಸೂರ್ನಲ್ಲಿ ಅದೇನೋ ಸೆರಾಮಿಕ್ ಕೋಟಿಂಗು ಮಾಡ್ಸವ್ಳೆ ಸಾ. ಎರಡೆರಡ್ ತಿಂಗ್ಳಿಗೆ ಅಪ್ಪುಂಗ್ ಯಾಕೆ ತೊಂದ್ರೆ ಅಂತ." ಬೀಡಿ ಹಚ್ಚಲು ಹೋಗಿ ಕಡ್ಡಿ ಆರಿತು. ಮತ್ತೊಂದು ಗೀರಲಿಲ್ಲ. "ಚೆನ್ನಾಗ್ ಮಾಡವ್ರೆ. ತೆಪ್ಪು ಉಡ್ಕಕಾಗಕಿಲ್ಲ. ಐದ್ ವರ್ಸ ಏನೂ ಅಚ್ಚಂಗಿಲ್ವಂತೆ."