ವರಾತದಲ್ಲಿ ಬೇಡವೆಂದ ಹಾಡು

ನನ್ನ ಬಾಯಿ ಜೋರು ಎಂದು ಸಾಂಗ್ಲಿಯ ಅರಿಶಿನ ಪೇಟೆಗೆಲ್ಲ ಗೊತ್ತು. ಗಂಡ ಅಂಗಡಿಯಲ್ಲಿ ಮೆತ್ತಗೆ ಮಾತಾಡುತ್ತಾರೆ, ನಾನು ಮನೆಯಲ್ಲಿ ಗದರುತ್ತೇನೆ. ಇಂಥ ನಾನು ಒಂದು ಹಾಡಿಗೆ ಅಂಜಿ ಬದುಕಿದೆ.

ಅದು ನನ್ನ ಅತ್ತೆಯ ಹರೆಯದ ಕಾಲದ ಮರಾಠಿ ಹಾಡು. ಬಿಟ್ಟುಹೋದವನಿಗಾಗಿ ಒಬ್ಬಳು ಊಟದ ತಾಟು ಮುಚ್ಚಿಟ್ಟು ಕಾಯುತ್ತಾಳೆ; ಅವನು ಬರುವುದಿಲ್ಲ. ಇಷ್ಟೇ. ಆದರೆ ಧಾಟಿ ಎಂಥದ್ದೆಂದರೆ ಕಾಲು ತಾನಾಗಿ ಕುಣಿಯುತ್ತದೆ. ಅತ್ತೆ ರೊಟ್ಟಿ ಬಡಿಯುತ್ತ ಹಾಡುತ್ತಿದ್ದರು, ಆಟೊದವರು ಈಗಲೂ ಹಚ್ಚುತ್ತಾರೆ. ಮಿರಜಿನ ಬ್ಯಾಂಡಿನವರಂತೂ ವರಾತದಲ್ಲಿ, ಅಂದರೆ ಮದುಮಗನ ಮೆರವಣಿಗೆಯಲ್ಲಿ, ಅದನ್ನು ಬಾರಿಸದೆ ಬಿಡುವುದಿಲ್ಲ. ಮನಸ್ಸು ಮುರಿದ ಹಾಡಿಗೆ ಮದುವೆಯಲ್ಲಿ ಕುಣಿಯುವ ಜನ ನಾವು! ಅದು ವಿಚಿತ್ರ ಎಂದು ನನಗೂ ಅನ್ನಿಸಿರಲಿಲ್ಲ.

ಆಮೇಲೆ ಮಗಳ ನಿಶ್ಚಯ ಮುರಿಯಿತು. ಸೀರೆ ತಂದಾಗಿತ್ತು, ಕಾರ್ಡು ಹಂಚಿಯಾಗಿತ್ತು. ಗಂಡಿನವರು ಫೋನಿನಲ್ಲೇ ಒಲ್ಲೆವೆಂದರು. ಅವರ ಮನೆ ಹಾಳಾಗಲಿ. ಹುಡುಗಿ ಬಾಗಿಲು ಹಾಕಿಕೊಂಡು ಅಜ್ಜಿಯ ಆ ಹಾಡನ್ನೇ ಮೊಬೈಲಿನಲ್ಲಿ ಹಚ್ಚಿಕೊಂಡು ಕೂತಳು. ಮುಗಿದರೆ ಮತ್ತೆ ಮೊದಲಿಂದ.

"ಈಗಿನ ಹಾಡು ಎಷ್ಟ ಅದಾವ, ಇದನ್ನ ಯಾಕ ಕೇಳ್ತಿ?" ಅಂದೆ.

"ಈಗಿನವು ಸಮಾಧಾನ ಹೇಳತಾವ ಅವ್ವಾ. ಇದು ಹೇಳಂಗಿಲ್ಲ."

ನಾನು ಬಾಗಿಲ ಹೊರಗೆ ಕಿವಿಗೊಟ್ಟು ನಿಲ್ಲುತ್ತಿದ್ದೆ. ಹಾಡು ಕೇಳಿಸಿದರೆ ಒಂದು ಭಯ, ನಿಂತರೆ ಇನ್ನೊಂದು ಭಯ.

ಈ ವರ್ಷ ಮತ್ತೊಂದು ಸಂಬಂಧ ಕೂಡಿಬಂತು. ಹುಡುಗ ಕುಪವಾಡ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ. ಮಗಳು ಒಪ್ಪಿದಳು. ಆದರೂ ನನ್ನ ಎದೆ ಡವಡವ. ವರಾತದಲ್ಲಿ ಆ ಹಾಡು ಕೇಳಿ, ಹಳೆಯದೆಲ್ಲ ನೆನಪಾಗಿ, ಇವಳು ಒಲ್ಲೆ ಅಂತ ಕೂತರೆ? ಎರಡನೇ ಸಲವೂ ಮುರಿದರೆ ಜನ ನನ್ನ ಕೂಸನ್ನು ಬದುಕಗೊಡುತ್ತಾರೆಯೇ? ಮಿರಜಿಗೆ ಹೋಗಿ ಬ್ಯಾಂಡಿನ ಯಜಮಾನನಿಗೆ ಕೈಮುಗಿದೆ.

"ಅದೊಂದು ಹಾಡು ಬ್ಯಾಡ್ರಿ."

"ವಹಿನಿ, ಅದಿಲ್ಲಂದ್ರ ವರಾತ ಮುಂದ ಸರಿಯಂಗಿಲ್ರಿ," ಅಂದ. ನಾನು ದನಿ ಏರಿಸಿದ ಮೇಲೆ, "ಆತ್ರಿ, ಆತ್ರಿ," ಅಂದ.

ಮದುವೆಯ ದಿನ ವರಾತ ಮಂಗಲ ಕಾರ್ಯಾಲಯದ ಬಾಗಿಲಿಗೆ ಬಂತು. ನಾನು ಆರತಿ ಹಿಡಿದು ನಿಂತಿದ್ದೆ. ಕ್ಲಾರಿನೆಟ್ಟು ಸುರ ಎಳೆದದ್ದೇ ತಡ, ಗುರುತು ಹಿಡಿದೆ. ಅದೇ ಹಾಡು! ಬೀಗರೆಲ್ಲ ಕೈ ಮೇಲೆತ್ತಿ ಕುಣಿಯತೊಡಗಿದರು. ಆರತಿಯನ್ನು ತಂಗಿಯ ಕೈಗೆ ತುರುಕಿ, ಮಗಳಿದ್ದ ಮೇಲಿನ ಕೋಣೆಗೆ ಓಡಿದೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಹೆಸರು ಹಿಡಿದು ಕೂಗಿದೆ. ಎರಡೂ ಕೈಯಿಂದ ಬಡಿದೆ. ಶಿವನೇ, ಏನು ಮಾಡಿಕೊಂಡಳೋ ಎಂದು ಬಾಗಿಲಿಗೆ ಹೆಗಲು ಕೊಟ್ಟೆ.

ಚಿಲಕ ತೆಗೆದವಳು ಮಗಳೇ. ಹಣೆಯ ತುಂಬ ಬೆವರು, ಮುಡಿದ ಹೂವು ಅರ್ಧ ಜಾರಿತ್ತು. ಹಿಂದೆ ಗೆಳತಿಯರು ಏದುಸಿರು ಬಿಡುತ್ತ ನಗುತ್ತಿದ್ದರು. ಕುಣಿಯುತ್ತಿದ್ದರಂತೆ!

"ನಾನ ನಿನ್ನ ಅಳಿಯಗ ಫೋನ್ ಮಾಡಿ ಹೇಳೇನಿ ಅವ್ವಾ, ಆ ಹಾಡು ಬಾರಸಾಕ ಹಚ್ರಿ ಅಂತ," ಅಂದಳು. "ಅಳೂದೆಲ್ಲಾ ಇದರ ಕೂಡ ಅತ್ತೇನಿ. ಕುಣಿಯೂದೂ ಇದರ ಕೂಡನ."

"ಹುಚ್ಚಿ, ನನ್ನ ಜೀವಾ ತಗದಿ ನೋಡ!" ಎಂದು ಬೈದೆ. ಬೈಯುತ್ತಲೇ ಅತ್ತುಬಿಟ್ಟೆ. ಅವಳು ತನ್ನ ಶಾಲಿನಿಂದ ನನ್ನ ಮುಖ ಒರೆಸಿದಳು.

ಈಗ ಅವಳ ಸಂಸಾರ ಕುಪವಾಡದಲ್ಲಿ. ಆಟೊ ಹತ್ತಿದರೆ ಇಲ್ಲಿಂದ ಏನೂ ದೂರವಲ್ಲ. ಕಳೆದ ರವಿವಾರ ಊಟಕ್ಕೆ ಬರುತ್ತೇನೆ ಅಂದಿದ್ದಳು. ಶೇಂಗಾ ಹೋಳಿಗೆ ಮಾಡಿ ಹಾದಿ ನೋಡಿದೆ. ಮಧ್ಯಾಹ್ನ ಫೋನ್ ಬಂತು.

"ಅವ್ವಾ, ಇವರ ಗೆಳ್ಯಾರು ಬಂದಾರ. ಇವತ್ತ ಬರಾಕ ಆಗಂಗಿಲ್ಲ."

"ಇರಲಿ ಬಿಡವಾ," ಅಂದೆ. ಅವಳ ತಾಟನ್ನು ಮುಚ್ಚಿಟ್ಟು ಪಾತ್ರೆ ತಿಕ್ಕತೊಡಗಿದೆ. ಸ್ವಲ್ಪ ಹೊತ್ತಿಗೆ ಗಂಡ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಮುಖ ಸಣ್ಣದಾಗಿತ್ತು.

"ಏನ ಇದು," ಅಂದರು, "ಆ ಹಾಡು ಈಗ ನೀ ಹಾಡಾಕತ್ತಿಯಲ್ಲ?"